ನಾಲ್ಕು ಗಂಟೆ ಹತ್ತು ನಿಮಿಷದ ಮಾತು

ಐದು ಲೋಟ ಕಾಫಿ ಒಟ್ಟಿಗೆ ನನ್ನ ಮುಂದೆ ಬಂದು ಕೂತ ದಿನವೇ ನಾನು ಆ ಊರಿನ ಸಹವಾಸ ಬಿಡಬೇಕಿತ್ತು. ಬಿಡಲಿಲ್ಲ. ಅರವತ್ತೆರಡಕ್ಕೂ ಬುದ್ಧಿ ಬಾರದಿದ್ದರೆ ಇನ್ನು ಯಾವಾಗ ಬಂದೀತು?

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿದವಳು. "ಟ್ರಂಕ್ ಕಾಲ್ ಬಂದಿದೆ, ಮಾತಾಡಿ, ಬೇಗ ಮಾತಾಡಿ, ಮೂರು ನಿಮಿಷ ಆಯ್ತು" ಎಂದು ಜನರನ್ನು ಅವಸರಪಡಿಸಿಯೇ ನನ್ನ ಅರ್ಧ ಆಯಸ್ಸು ಕಳೆಯಿತು. ಮದುವೆ ಆಗಲಿಲ್ಲ, ಅದರ ಬಗ್ಗೆ ನನಗೆ ದೂರೂ ಇಲ್ಲ. ನಿವೃತ್ತಿಯಾದ ಮೇಲೆ ತಂಗಿ ಹೇಮಲತಾಳ ಮನೆಯಲ್ಲಿದ್ದೆ. ಅವಳ ಅಡುಗೆಮನೆಯ ಡಬ್ಬಗಳನ್ನು ನಾನು ಮೂರನೆಯ ಸಲ ಹೊಸದಾಗಿ ಜೋಡಿಸಿದ ದಿನ ಅವಳು ಕೈಮುಗಿದು, "ನಿನ್ನ ದಮ್ಮಯ್ಯ ಅಕ್ಕ, ಶನಿವಾರ ಭಾನುವಾರ ಎಲ್ಲಾದ್ರೂ ಹೋಗಿ ಬಾ. ನಾವೂ ಒಂಚೂರು ಉಸಿರಾಡ್ತೀವಿ" ಅಂದಳು. ನನಗೆ ಅವಮಾನವಾಯಿತು. ಆ ಶನಿವಾರವೇ ಬಸ್ ಸ್ಟ್ಯಾಂಡಿಗೆ ಹೋಗಿ, ಹೊರಡಲು ನಿಂತಿದ್ದ ಮೊದಲ ಬಸ್ಸನ್ನು ಹತ್ತಿದೆ. ಎರಡು ಗಂಟೆಯ ದಾರಿ. ಬಸ್ಸು ಒಂದು ಹೊಳೆಯ ಇತ್ತಲ ದಡದಲ್ಲಿ ನಿಂತಿತು. ಸೇತುವೆ ದಾಟಿದರೆ ಊರು.

ಊರೇನೋ ಚೆನ್ನಾಗಿತ್ತು. ಅಗಲವಾದ ಬೀದಿಗಳು, ನಡುವೆ ಗಡಿಯಾರದ ಕಂಬ, ಕಂಬದ ಬುಡಕ್ಕೆ ಸುತ್ತಲೂ ಕಲ್ಲುಕಟ್ಟೆ, ಆಚೆಗೆ ದೋಣಿ ಬಿಡುವ ಕೆರೆ. ಮೊದಲು ಕಂಡ ಹೋಟೆಲಿಗೆ ನುಗ್ಗಿ ಕೂತು "ಒಂದು ಕಾಫಿ" ಅಂದೆ. ನನ್ನ ಬಾಯಿಂದ ಸದ್ದೇ ಹೊರಡಲಿಲ್ಲ. ಗಂಟಲು ಕಟ್ಟಿತೇನೋ ಅಂದುಕೊಂಡು ಮತ್ತೆ ಕೂಗಿದೆ. ಒಟ್ಟು ಐದು ಸಲ ಕೂಗಿದೆ. ಮಾಲೀಕ ಮುರುಗೆಪ್ಪ ಗಲ್ಲಾದ ಹಿಂದೆ ನಿಂತು ನನ್ನನ್ನು ಕನಿಕರದಿಂದ ನೋಡಿದನೇ ಹೊರತು ಕಾಫಿ ಕಳಿಸಲಿಲ್ಲ. ಎದ್ದು ಬಂದೆ. ಮನೆಗೆ ಹೋಗಿ ಹೇಮಲತಾಳ ಮುಂದೆ ಆ ಊರನ್ನು ಬಾಯಿಗೆ ಬಂದಂತೆ ಬೈದೆ. ಅವಳು "ಹಾಗಾದ್ರೆ ಇನ್ನೊಂದ್ಸಲ ಹೋಗ್ಬೇಡ ಬಿಡು" ಅಂದಳು. ಬೇಡ ಅಂದಮೇಲೆ ಹೋಗದೆ ಇರುವುದು ನನ್ನ ಜಾಯಮಾನವಲ್ಲ.

ಮುಂದಿನ ಶನಿವಾರ ಅದೇ ಹೋಟೆಲಿಗೆ ಹೋಗಿ ಅದೇ ಮೇಜಿಗೆ ಕೂತೆ. ಒಂಬತ್ತೂವರೆಗೆ ಸರಿಯಾಗಿ, ನಾನು ತುಟಿಪಿಟಕ್ಕೆನ್ನದೆ ಕೂತಿರುವಾಗ, ನನ್ನ ಕುರ್ಚಿಯಿಂದ ನನ್ನದೇ ದನಿ "ಒಂದು ಕಾಫಿ!" ಎಂದು ಕೂಗಿತು. ಒಂದರ ಹಿಂದೊಂದು ಐದು ಸಲ, ಕೊನೆಕೊನೆಗೆ ನಾಚಿಕೆಯಾಗುವಷ್ಟು ಗಟ್ಟಿಯಾಗಿ. ಮುರುಗೆಪ್ಪ ಐದು ಲೋಟ ತಂದಿಟ್ಟು, ಹೆಗಲಿಗೆ ತೂಗುಬಿಟ್ಟಿದ್ದ ಸ್ಲೇಟಿನ ಮೇಲೆ ಬರೆದು ತೋರಿಸಿದ: "ನೀವ ಹೇಳಿದ್ದಲ್ಲೇನ್ರಿ?"

ಆ ಊರಿನ ಒಳಗೆ ಆಡಿದ ಮಾತು ಆಡಿದ ಜಾಗದಲ್ಲೇ ಏಳು ದಿನ ಬಿಟ್ಟು ಅದೇ ಹೊತ್ತಿಗೆ ಕೇಳಿಸುತ್ತದೆ. ಬಸ್ಸಿನ ಹಾರ್ನು, ಪಾತ್ರೆಯ ಸದ್ದು, ಮದುವೆಯ ಬ್ಯಾಂಡು ಎಲ್ಲ ಆಗಿಂದಾಗಲೇ. ಮನುಷ್ಯರ ಮಾತು ಮಾತ್ರ ಒಂದು ವಾರ ತಡ. ಅಲ್ಲಿಯ ಜನಕ್ಕೆ ಅದರಿಂದ ಏನೂ ತೊಂದರೆಯಿಲ್ಲ. ಈ ವಾರದ ದೋಸೆಗೆ ಹೋದ ವಾರವೇ ಹೇಳಿರುತ್ತಾರೆ, ಚಿಲ್ಲರೆ ಮಾತಿಗೆ ಸ್ಲೇಟಿದೆ. ತೀರಾ ಅವಸರವಿದ್ದರೆ ಸೇತುವೆ ದಾಟಿ ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ಅಲ್ಲಿ ಆಡಿದ್ದು ಆಗಲೇ ಕೇಳಿಸುವುದರಿಂದ ಸದಾ ಸಂತೆಯ ಗದ್ದಲ. ಮಾತಾಡುವಾಗ ಸೆರಗನ್ನೋ ಟವೆಲನ್ನೋ ಬಾಯಿಗೆ ಅಡ್ಡ ಹಿಡಿಯುವುದು ಊರಿನ ಮರ್ಯಾದೆ. ತುಟಿ ನೋಡಿ ಮೊದಲೇ ತಿಳಿದುಕೊಳ್ಳುವುದು ಇನ್ನೊಬ್ಬರ ಕಾಗದ ಒಡೆದು ಓದಿದ ಹಾಗೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿದೆ. ಮಾತು ಕೇಳಿಸುವ ಹೊತ್ತಿಗೆ ಆಡಿದವರು ಬಂದು ಅದರ ಪಕ್ಕದಲ್ಲಿ ಕೂರಬೇಕು. ಅದಕ್ಕೆ ಅವರು ಮಾತಿಗೆ ಕೂರುವುದು ಅನ್ನುತ್ತಾರೆ. ಆಡಿ ಹೋದವರು ಬರದೆ ಮಾತು ಖಾಲಿ ಕುರ್ಚಿಯಿಂದ ಹೊರಟರೆ ಕೇಳಿದವರೆಲ್ಲ ತಲೆ ತಗ್ಗಿಸುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕಲಿತು ಬೆಳೆದ ನನಗೆ ಇದು ಹುಚ್ಚಾಸ್ಪತ್ರೆಯಂತೆ ಕಂಡಿತು.

ಐದು ಕಾಫಿಯಲ್ಲಿ ಎರಡನ್ನು ಪಕ್ಕದ ಮೇಜಿನ ಹೆಂಗಸು ತಾನಾಗಿ ಎಳೆದುಕೊಂಡು ಕುಡಿದಳು. ಅವಳು ಕೊಟ್ರಮ್ಮ. ನನಗಿಂತ ಎರಡು ವರ್ಷ ದೊಡ್ಡವಳು, ಗಂಡನಿಲ್ಲ, ಗಡಿಯಾರದ ಕಂಬದ ಕಟ್ಟೆಯ ಮೇಲೆ ಪುಟ್ಟ ಮೇಜಿಟ್ಟುಕೊಂಡು ಕನ್ನಡಕ ರಿಪೇರಿ ಮಾಡುತ್ತಿದ್ದಳು. ಕುಡಿದು ಮುಗಿಸಿ ನನ್ನ ಮುಖ ನೋಡಿದವಳೇ, ಕೇಳದೆ ಮಾಡದೆ ಕೈ ಚಾಚಿ ನನ್ನ ಕನ್ನಡಕ ಕಿತ್ತುಕೊಂಡಳು. ಅದರ ಒಂದು ಕಡ್ಡಿಗೆ ಆರು ತಿಂಗಳಿಂದ ದಾರ ಸುತ್ತಿದ್ದೆ. "ಇದೇನ್ರಿ ಗೊಬ್ಬರ, ಬರ್ರಿ ನನ್ನ ಸಂಗಾಟ" ಎಂದು ಸ್ಲೇಟಿನಲ್ಲಿ ಬರೆದಳು. ಕನ್ನಡಕವಿಲ್ಲದೆ ಅದನ್ನು ಓದಲು ನನಗೆ ಐದು ನಿಮಿಷ ಹಿಡಿಯಿತು.

ಹೀಗೆ ಶುರುವಾದದ್ದು. ಶನಿವಾರ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ಮುರುಗೆಪ್ಪನ ಹೋಟೆಲಿನಲ್ಲಿ ಹೋದ ವಾರ ಹೇಳಿಟ್ಟ ಎರಡು ಕಾಫಿ, ಆಮೇಲೆ ಬಜಾರು ಸುತ್ತುವುದು, ಮಧ್ಯಾಹ್ನ ಮಂಡಕ್ಕಿ ಮಿರ್ಚಿ. ರಾತ್ರಿಗೆ ಲಾಡ್ಜು. ಭಾನುವಾರ ಸಂಜೆ ಕೊಟ್ರಮ್ಮ ಸೇತುವೆ ದಾಟಿ ಬಸ್ ಸ್ಟ್ಯಾಂಡಿನವರೆಗೆ ಬಂದು ಕಳಿಸಿ ಹೋಗುತ್ತಿದ್ದಳು. ಬಸ್ಸಿಗೆ ಮುಂಚಿನ ಆ ಅರ್ಧ ಗಂಟೆಯಲ್ಲಿ ನಾನು ಎರಡು ದಿನದ ಮಾತನ್ನೆಲ್ಲ ಸುರಿದುಬಿಡುತ್ತಿದ್ದೆ. ಅವಳು "ಸಾವಕಾಶ ಹೇಳ್ರಿ ಇಂದಕ್ಕ, ನಿಮ್ಮ ತಂಗಿ ಎಲ್ಲಿ ಓಡಿ ಹೊಕ್ಕಾಳ?" ಎಂದು ನಗುತ್ತಿದ್ದಳು. ನನ್ನ ಹೆಸರು ಇಂದುಮತಿ. ಇಂದಕ್ಕ ಎಂದು ಕರೆದವರು ಅವಳಿಗೆ ಮೊದಲು ಯಾರೂ ಇಲ್ಲ.

ಕೊಟ್ರಮ್ಮ ಪ್ರತಿ ಭಾನುವಾರ ಕಟ್ಟೆಯ ಮೇಲೆ ಸೆರಗು ಅಡ್ಡ ಹಿಡಿದು ನನಗೆಂದು ಒಂದೇ ಒಂದು ಮಾತು ಆಡುತ್ತಿದ್ದಳು. ಮುಂದಿನ ಭಾನುವಾರ ಇಬ್ಬರೂ ಕೂತು ಅದನ್ನು ಕೇಳುತ್ತಿದ್ದೆವು. ಮೊದಲ ಸಲದ್ದು, "ಈ ಅಕ್ಕನ ಕನ್ನಡಕಕ್ಕ ಇನ್ನ ಹತ್ತು ವರ್ಷ ಏನೂ ಆಗೂದಿಲ್ಲ." ಇಷ್ಟು ಹೇಳಲು ಒಂದು ವಾರ! ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. ಆದರೆ ಮೂರನೆಯ ತಿಂಗಳಲ್ಲಿ ಒಂದು ಭಾನುವಾರ ಕೇಳಿಸಿದ ಮಾತು ಬೇರೆ ಥರದ್ದು. "ನನ್ನ ಗಂಡ ದವಾಖಾನಿಯೊಳಗ ಸಾಯೂ ಮುಂದ ನನಗ ಏನೋ ಅಂದ. ಒಂದು ವಾರ ಬಿಟ್ಟು ಅದನ್ನ ಕೇಳಾಕ ನಾ ಹೋಗಲಿಲ್ಲ. ಅಂಜಿದೆ. ಒಂಬತ್ತು ವರ್ಷಾತು." ನಾನು ಸ್ಲೇಟನ್ನು ಕೆಳಗಿಟ್ಟೆ. ಅವಳ ಪಕ್ಕದಲ್ಲಿ ಕೂತಿದ್ದೆ ಅಷ್ಟೆ.

ಅವಳಿಗೆ ನನ್ನ ಮೇಲೆ ಇದ್ದದ್ದು ಒಂದೇ ತಕರಾರು. ನಾನು ಕಟ್ಟೆಯ ಮೇಲೆ ಬಾಯಿಬಿಟ್ಟವಳಲ್ಲ. "ಬಸ್ ಸ್ಟ್ಯಾಂಡಿನ ಮಾತು ಮಾತಲ್ರಿ. ಒಮ್ಮೆ ಇಲ್ಲಿ ಏನರ ಅನ್ರಿ" ಎಂದು ವಾರವಾರವೂ ಬರೆಯುತ್ತಿದ್ದಳು. ನಾನು ಏನೋ ನೆಪ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆ. ಆಡಿದ ಮಾತನ್ನು ಮತ್ತೆ ಎದುರು ಕೂತು ಕೇಳುವುದು ಅಂದರೆ ಸುಮ್ಮನೆಯೇ?

ಆ ಭಾನುವಾರ ಇಬ್ಬರೂ ಕೆರೆಗೆ ಹೋಗಿ ದೋಣಿ ಹತ್ತುವುದೆಂದು ಮಾತಾಗಿತ್ತು. ಎರಡು ಗಂಟೆಗೆ ಕಟ್ಟೆಗೆ ಬನ್ನಿ ಎಂದಿದ್ದಳು. ಎರಡಾಯಿತು, ಎರಡೂವರೆಯಾಯಿತು. ಬೇಸಿಗೆಯ ಬಿಸಿಲು, ಕಟ್ಟೆಯ ಕಲ್ಲು ಕಾದ ಹೆಂಚಾಗಿತ್ತು. ಮೂರಾಯಿತು. ಅವಳ ಮನೆ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ, ಹೋಗಿ ನೋಡೋಣವೆಂದರೆ. ನಾಲ್ಕಕ್ಕೆ ಕೊನೆಯ ದೋಣಿಯೂ ಹೋಯಿತು. ಕಂಬದ ಗಡಿಯಾರ ನಾಲ್ಕು ಹತ್ತು ತೋರಿಸಿತು. ನನ್ನ ಪಿತ್ತ ನೆತ್ತಿಗೇರಿ, ಎಲ್ಲಿದ್ದೇನೆ ಎನ್ನುವುದೂ ಮರೆತು, ಕಟ್ಟೆಯ ಮೇಲೆ ಕೂತೇ ಬಾಯಿಬಿಟ್ಟೆ. ಸೆರಗೂ ಅಡ್ಡ ಹಿಡಿಯಲಿಲ್ಲ. ಆಡಬಾರದ್ದನ್ನು ಆಡಿದೆ. ಆಡಿ ಮುಗಿಸುವಷ್ಟರಲ್ಲಿ ಎದುರು ಬೀದಿಯಿಂದ ಕೊಟ್ರಮ್ಮ ಏದುಸಿರು ಬಿಡುತ್ತ ಬಂದಳು. ಕೆನ್ನೆಯ ಮೇಲೆ ಚಾಪೆಯ ಗುರುತು ಇನ್ನೂ ಇತ್ತು.

"ಉಂಡು ಹಂಗ ಅಡ್ಡಾಗಿದ್ದೆ, ಕಣ್ಣ ಹತ್ತಿಬಿಟ್ಟಿತ್ತು. ತಪ್ಪಾತ್ರಿ" ಎಂದು ಬರೆದಳು. ಅದನ್ನು ಒರೆಸಿ, ಕಣ್ಣರಳಿಸಿ, ಇನ್ನೊಂದು ಬರೆದಳು. "ನಿಮ್ಮ ಬಾಯಿ ಆಡೂದು ದೂರಿಂದ ಕಂಡ್ತು. ದೇವರಾಣಿ ತುಟಿ ನೋಡಲಿಲ್ಲ, ಮಾರಿ ತಿರುವಿದೆ. ಕಡೀಗೂ ಒಂದು ಮಾತಾಡಿದ್ರಿ!"

ಅವಳ ಸಂತೋಷ ನೋಡಿ ಸ್ಲೇಟು ಎಳೆದುಕೊಂಡೆ. ಏನೂ ಇಲ್ಲ, ಸುಮ್ಮನೆ ಎಂದು ಬರೆಯಹೋದರೆ ಬಳಪ ಮುರಿಯಿತು. ಅವಳಾಗಲೇ ಎದ್ದು ಮುರುಗೆಪ್ಪನ ಹೋಟೆಲಿಗೆ ಸುದ್ದಿ ಮುಟ್ಟಿಸಲು ಹೊರಟಿದ್ದಳು. ಪರವೂರಿನವರು ಮೊದಲ ಸಲ ಕಟ್ಟೆಯ ಮೇಲೆ ಮಾತಾಡಿದರೆ ನಾಲ್ಕು ಜನರನ್ನು ಕರೆದು, ಲಾಡು ಹಂಚಿ, ಎಲ್ಲರೂ ಕೂತು ಕೇಳುವುದು ಅಲ್ಲಿಯ ಪದ್ಧತಿಯಂತೆ. ಎಂಥ ಪದ್ಧತಿಗಳಪ್ಪ ಇವು!

ಆ ವಾರ ನಾನು ಅನುಭವಿಸಿದ್ದು ನನ್ನ ಶತ್ರುವಿಗೂ ಬೇಡ. ಹೋಗದೆ ಇದ್ದುಬಿಡಲೇ ಎಂದು ಸೋಮವಾರ ಯೋಚಿಸಿದೆ. ಬುಧವಾರ ಬ್ಯಾಂಡಿನವರನ್ನು ಕರೆಸಿ ಸರಿಯಾಗಿ ಆ ಹೊತ್ತಿಗೆ ಬಾರಿಸಲು ಹೇಳಿದರೆ ಹೇಗೆ ಎಂದುಕೊಂಡೆ. ಶನಿವಾರ ಮುರುಗೆಪ್ಪನನ್ನು ಸ್ಲೇಟಿನಲ್ಲಿ ಮೆಲ್ಲಗೆ ವಿಚಾರಿಸಿದರೆ ಅವನು, "ಹಂಗ ಮಾಡಿದವರು ಅದಾರ್ರಿ. ಆಮ್ಯಾಲೆ ಅವರ ಮೇಜಿಗೆ ಯಾರೂ ಬಂದು ಕುಂದರೂದಿಲ್ಲ" ಎಂದು ಬರೆದು ಹೊರಟುಹೋದ. ಉಳಿದದ್ದು ಒಂದೇ ದಾರಿ. ಕೊಟ್ರಮ್ಮನ ಕೈಹಿಡಿದು ಎಳೆದುಕೊಂಡು ಸೇತುವೆ ದಾಟಿದೆ.

"ಕೊಟ್ರಮ್ಮ, ನಾಳೆ ಅದನ್ನ ಕೇಳಬೇಡಿ. ಅದು ಒಳ್ಳೆ ಮಾತಲ್ಲ" ಅಂದೆ.

"ಒಳ್ಳೇದರ ಇರಲಿ ಕೆಟ್ಟದ್ದರ ಇರಲಿ, ಅದರ ಟೈಮಿಗಿಂತ ಮೊದಲ ಹೇಳಬಾರದ್ರಿ" ಎಂದು ಅವಳು ಕಿವಿ ಮುಚ್ಚಿಕೊಂಡಳು.

"ನಿಮ್ಮೂರಿನ ರೀತಿಗೆ ಬೆಂಕಿ ಬಿತ್ತು! ಸಿಟ್ಟಲ್ಲಿ ಅಂದಿದ್ದು ಕಣ್ರೀ!"

"ಎರಡು ತಾಸು ಬಿಸಿಲಾಗ ಕುಂದ್ರಿಸಿದ್ರ ಸಿಟ್ಟು ಬರಲಾರದ ಏನ್ರಿ? ಬೈದೀರಿ, ಅಷ್ಟ ಅಲ್ಲೇನು? ಬೈಸ್ಕೊಂತೀನಿ ಬಿಡ್ರಿ. ಲಾಡು ಕಟ್ಟೀನಿ, ಮಂದಿಗೆ ಹೇಳೀನಿ, ಈಗ ಬ್ಯಾಡ ಅಂದ್ರ ಹೆಂಗ?"

ಸೋಮಾರಿ, ಮರೆಗುಳಿ, ಅಷ್ಟರಮಟ್ಟಿನ ಬೈಗುಳ ಇರಬಹುದೆಂದು ಅವಳ ಲೆಕ್ಕ. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವಳು ಸೇತುವೆಯ ಅರ್ಧಕ್ಕೆ ಹೋಗಿಯಾಗಿತ್ತು.

ಭಾನುವಾರ ಕಟ್ಟೆಯ ಮೇಲೆ ಆರು ಜನ. ಮುರುಗೆಪ್ಪ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಕೊಟ್ರಮ್ಮನ ಓಣಿಯ ಮೂವರು ಹೆಂಗಸರು ಲಾಡು ಹಿಡಿದು ಕೂತಿದ್ದರು. ಓಡಿಹೋಗಲು ನನಗೆ ಸೇತುವೆಯ ದಾರಿ ತೆರೆದೇ ಇತ್ತು. ಎರಡು ಸಲ ಎದ್ದೆ, ಎರಡು ಸಲ ಕೂತೆ. ನಾಲ್ಕು ಹತ್ತಾಯಿತು. ನನ್ನ ಪಕ್ಕದಿಂದಲೇ ನನ್ನ ದನಿ ಹೊರಟಿತು.

"ಎರಡು ಗಂಟೆಯಿಂದ ಒಣಗ್ತಾ ಕೂತಿದ್ದೀನಿ. ಇವಳೇನು ಮಹಾರಾಣಿ! ಒಂದು ನಾಯಿಯೂ ಹತ್ತಿರ ಸೇರಿಸದ ಮುದುಕಿ, ಪಾಪ, ಅಂತ ಕರುಣೆಯಿಂದ ವಾರ ವಾರ ಬಂದು ಕೂರ್ತೀನಿ ನಾನು. ಕಟ್ಟಿಕೊಂಡ ಗಂಡನ ಕೊನೆ ಮಾತು ಕೇಳೋಕೆ ಹೋಗದವಳು, ನನಗೆ ಕೊಟ್ಟ ಮಾತು ಉಳಿಸಿಕೊಳ್ತಾಳಾ?"

ಒಬ್ಬ ಹೆಂಗಸು ಬಾಯಿಗಿಟ್ಟಿದ್ದ ಲಾಡನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡಳು. ಮುರುಗೆಪ್ಪ ನೆಲ ನೋಡುತ್ತಿದ್ದ. ಕೊಟ್ರಮ್ಮ ನನ್ನನ್ನೇ ನೋಡಿದಳು. ನಾನು ಅವಳನ್ನು ನೋಡಲಾರದೆ ಗಡಿಯಾರ ನೋಡಿದೆ. ಆಮೇಲೆ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಸೆರಗು ಬಹಳ ಹೊತ್ತು ಅಲುಗಾಡಿತು. ಏನು ಹೇಳಿದಳೋ, ಎಷ್ಟು ಹೇಳಿದಳೋ, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆಮೇಲೆ ಮೇಜು ಮಡಚಿ ಬಗಲಿಗೆ ಇಟ್ಟುಕೊಂಡು ಹೊರಟುಹೋದಳು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಸ್ಲೇಟು ನನ್ನ ತೊಡೆಯ ಮೇಲಿತ್ತು. ಚಿಲ್ಲರೆ ಮಾತಿನ ಸ್ಲೇಟಿನಲ್ಲಿ ತಪ್ಪಾಯಿತು ಎಂದು ಹೇಗೆ ಬರೆಯಲಿ, ಬರೆದು ಯಾರಿಗೆ ತೋರಿಸಲಿ? ಖಾಲಿ ಕಟ್ಟೆಯ ಮೇಲೆ ಕೂತು, ಸೆರಗು ಅಡ್ಡ ಹಿಡಿದು, ಹೇಳಬೇಕಾದ್ದನ್ನು ಹೇಳಿದೆ. ಆಗ ನಾಲ್ಕೂಕಾಲು. ಆ ಸಂಜೆ ಬಸ್ ಸ್ಟ್ಯಾಂಡಿಗೆ ನನ್ನನ್ನು ಕಳಿಸಲು ಯಾರೂ ಬರಲಿಲ್ಲ.

ಮುಂದಿನ ಶನಿವಾರ ಹೋಟೆಲಿನಲ್ಲಿ ಎರಡು ಕಾಫಿ ಬಂದವು. ಎದುರಿನ ಕುರ್ಚಿ ಖಾಲಿ. ಎರಡನ್ನೂ ನಾನೇ ಕುಡಿದೆ, ಬಾಯೆಲ್ಲ ಕಹಿಯಾಯಿತು. ಮುರುಗೆಪ್ಪ ಲೋಟ ಎತ್ತಲು ಬಂದವನು ನನ್ನ ಮುಖ ನೋಡಿ, ನಿಂತು ಬರೆದ. "ದೋಸ್ತಿ ಮುರಕೊಳ್ಳೂ ಮಂದಿ ಸೇತುವಿ ದಾಟಿ ಹೋಗಿ ಹೇಳ್ತಾರ್ರಿ. ಅಲ್ಲಿ ಅಂದದ್ದು ಅಲ್ಲೇ ಮುಗೀತು. ಆಕಿ ಕಟ್ಟಿ ಮ್ಯಾಲೆ ಅಂದಾಳ. ಮಾತಿಗೆ ಕುಂದರಾಕ ಬಂದ ಬರ್ತಾಳ."

ಬಂದಳು. ಭಾನುವಾರ ನಾಲ್ಕು ಹತ್ತಕ್ಕೆ ಬಂದು, ಕಟ್ಟೆಯ ಆ ತುದಿಯಲ್ಲಿ ನನಗೆ ಬೆನ್ನು ಹಾಕಿ ಕೂತಳು. ನಾಲ್ಕು ಹನ್ನೊಂದಕ್ಕೆ ಅವಳ ದನಿ ಶುರುವಾಯಿತು. ಒಂದು ಮಾತಿಗೆ ಒಂದು ವಾರ ತೆಗೆದುಕೊಳ್ಳುತ್ತಿದ್ದ ಹೆಂಗಸು ಎಡೆಬಿಡದೆ ಬೈದಳು.

"ನನಗ ಕರುಣಾ ತೋರಸಾಕ ಬಂದಾಕಿ ನೀ ಯಾರ? ಐದು ಕಾಫಿ ಒದರಿ ಮಾರಿ ಸಣ್ಣದು ಮಾಡಿಕೊಂಡು ಕುಂತಿದ್ದಿ, ನಾ ಕುಡಿದು ಮಾನ ಉಳಿಸಿದೆ. ವಾರಾ ನಿನ್ನ ತಂಗಿ ಡಬ್ಬಿ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ. ಗಂಡನ ಮಾತು ನಿನಗ ಯಾಕ ಹೇಳಿದೆ? ಒಂಬತ್ತು ವರ್ಷ ಯಾರಿಗೂ ಹೇಳಿದ್ದಿಲ್ಲ. ನೀ ತಡಕೊಂತಿ ಅಂತ ಹೇಳಿದೆ. ನೀ ಅದನ್ನ ಎತ್ತಿ ನನಗ ಒಗದಿ."

ಮಾತು ನಿಂತಿತು. ಅವಳು ಎದ್ದಳು. ಅವಳ ಕೆಲಸ ಮುಗಿದಿತ್ತು, ಕೂರಬೇಕೆಂಬ ಕಟ್ಟಳೆ ಇನ್ನಿರಲಿಲ್ಲ. ನಾನು ಓಡಿಹೋಗಿ ಎದುರು ನಿಂತು ಸ್ಲೇಟು ಹಿಡಿದೆ. "ಎರಡು ನಿಮಿಷ." ಅವಳು ಅದನ್ನು ಓದಿದಳು, ಗಡಿಯಾರ ನೋಡಿದಳು. ಕೂರಲಿಲ್ಲ. ಹೋಗಲೂ ಇಲ್ಲ. ಆ ಎರಡು ನಿಮಿಷದಷ್ಟು ಉದ್ದದ ಟ್ರಂಕ್ ಕಾಲನ್ನು ನಾನು ನನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ. ನಾಲ್ಕೂಕಾಲಿಗೆ ಕಟ್ಟೆಯಿಂದ ನನ್ನ ದನಿ ಬಂತು.

"ಕರುಣೆಯೂ ಇಲ್ಲ ಮಣ್ಣೂ ಇಲ್ಲ, ಸುಳ್ಳು ಹೇಳಿದೆ. ಮೂವತ್ನಾಲ್ಕು ವರ್ಷ ಊರಿಗೆಲ್ಲ ಲೈನ್ ಕೊಟ್ಟೆ, ನನಗೆ ಅಂತ ಒಂದು ಕಾಲ್ ಬರಲಿಲ್ಲ. ಆವತ್ತು ಸಿಟ್ಟು ಬಂದಿದ್ದು ದೋಣಿಗಲ್ಲ. ನೀವು ಇನ್ನು ಬರೋದೇ ಇಲ್ಲವೇನೋ ಅಂತ ಭಯ ಆಯ್ತು. ನಿಮ್ಮ ಮನೆ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ ಕೊಟ್ರಮ್ಮ. ಗಂಡನ ವಿಷಯ ಎತ್ತಬಾರದಿತ್ತು. ಅದಕ್ಕೆ ನನ್ನ ಹತ್ರ ಜವಾಬಿಲ್ಲ."

ಕೊಟ್ರಮ್ಮ ಅಲುಗಾಡದೆ ಕೇಳಿದಳು. ಕೇಳಿ ಮುಗಿದ ಮೇಲೆ ಸೆರಗಿನಲ್ಲಿ ಮೂಗು ಸೀಟಿಕೊಂಡಳು. ಆಮೇಲೆ ಅದೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಏನೋ ಅಂದಳು. ಈ ಸಲ ಚಿಕ್ಕದು, ಐದಾರು ಪದ ಇದ್ದೀತು. ನಾನು ತುಟಿ ನೋಡಲು ಕತ್ತು ಚಾಚಿದೆ, ಮಾನ ಮರ್ಯಾದೆ ಎಲ್ಲ ಬಿಟ್ಟು. ಅವಳು ತಟಕ್ಕನೆ ಮುಖ ತಿರುಗಿಸಿಕೊಂಡಳು.

ನನ್ನ ಬಸ್ಸಿಗೆ ಹೊತ್ತಾಗಿತ್ತು. ಚೀಲ ಎತ್ತಿಕೊಂಡು ಹೊರಟರೆ ಅವಳೂ ಹಿಂದೆ ಬಂದಳು. ಮುರಿದುಕೊಳ್ಳುವವರು ಸೇತುವೆ ದಾಟಿ ಹೇಳುತ್ತಾರೆ ಎಂದು ಮುರುಗೆಪ್ಪ ಬರೆದದ್ದು ಕಣ್ಣ ಮುಂದೆ ಬಂತು. ಸೇತುವೆಯ ಉದ್ದಕ್ಕೂ ಅವಳು ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು. ಬಸ್ ಸ್ಟ್ಯಾಂಡ್ ಬಂತು. ಯಾರೋ ಮದುವೆ ಮಾತುಕತೆಯವರು ಕಿರುಚಾಡುತ್ತಿದ್ದರು. ನನ್ನ ಬಸ್ಸು ಸ್ಟಾರ್ಟ್ ಆಗಿ ನಿಂತಿತ್ತು. ಕೊಟ್ರಮ್ಮ ನನ್ನೆದುರು ಬಂದು ನಿಂತಳು.

"ಹೇಳಿಬಿಡಿ" ಅಂದೆ.

"ಏನು?"

"ಏನು ಅಂದ್ರೆ? ಈಗ ಕಟ್ಟೆ ಮೇಲೆ ಏನೋ ಅಂದ್ರಲ್ಲ, ಅದು."

"ಬರೂ ಐತವಾರ ಬಂದು ಕೇಳ್ರಿ."

"ಅಯ್ಯೋ, ಇಲ್ಲೇ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಐದು ಪದ! ಐದು ಪದಕ್ಕೆ ನಾನು ಇನ್ನೊಂದು ವಾರ ಸಾಯಬೇಕಾ?"

"ಬಸ್ಸು ಬಿಡತೈತಿ, ಹತ್ರಿ" ಎಂದು ಅವಳು ನನ್ನ ಬೆನ್ನಿಗೆ ಕೈ ಹಚ್ಚಿ ತಳ್ಳಿದಳು.

ಹಟಮಾರಿ, ಮೊಂಡಿ, ಕಲ್ಲು ಹೃದಯದವಳು ಎಂದು ಎರಡು ಗಂಟೆಯ ದಾರಿಯುದ್ದಕ್ಕೂ ಅವಳನ್ನು ಬೈಯುತ್ತಲೇ ಬಂದೆ. ಪಕ್ಕದ ಸೀಟಿನವನು ಎದ್ದು ಬೇರೆ ಕಡೆ ಹೋಗಿ ಕೂತ. ಕಣ್ಣೀರು ಯಾಕೆ ನಿಲ್ಲುತ್ತಿಲ್ಲವೆಂದು ಅದಕ್ಕೂ ಸಿಟ್ಟು ಬಂತು. ನಮ್ಮೂರಿನಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ನೇರವಾಗಿ ಕೌಂಟರಿಗೆ ನುಗ್ಗಿ, ಮುಂದಿನ ಶನಿವಾರದ ಮೊದಲ ಬಸ್ಸಿಗೆ ಒಂದು ಸೀಟು ಕೊಡಿ ಎಂದು ಐದು ಸಲ ಕೂಗಿದೆ.